ಬೆಳವನ ಹಕ್ಕಿಯ ಪಂಚನಾಮೆ

ಸಂಗಪ್ಪನ ಬಂದೂಕಿಗೆ ಅವನ ಮನೆಗಿಂತ ಪೊಲೀಸ್ ಠಾಣೆಯ ಪರಿಚಯವೇ ಹೆಚ್ಚು. ಗ್ರಾಮ ಪಂಚಾಯಿತಿ ಚುನಾವಣೆ ಬಂತೆಂದರೆ ಠಾಣೆಗೆ ಜಮಾ. ವಿಧಾನಸಭೆ ಬಂತು, ಜಮಾ. ಲೋಕಸಭೆ ಬಂತು, ಮತ್ತೆ ಜಮಾ. ಬೆಳೆ ಕಾಯಲಿಕ್ಕೆಂದು ಅವನ ಅಜ್ಜನ ಕಾಲದಲ್ಲಿ ಲೈಸೆನ್ಸ್ ಆದ ಬಂದೂಕು ಅದು. ಬೆಳೆ ಕಾದದ್ದಕ್ಕಿಂತ ಅದು ಪ್ರಜಾಪ್ರಭುತ್ವವನ್ನು ಕಾದದ್ದೇ ಹೆಚ್ಚು. ಪ್ರತಿ ಸಲ ಬಿಡಿಸಿಕೊಂಡು ಬರುವಾಗ ಸಂಗಪ್ಪ ಬಸ್ಸು ಇಳಿದು, ಹತ್ತಿರದ ದಾರಿ ಬಿಟ್ಟು, ಇಡೀ ಊರು ಸುತ್ತಿ ಮನೆ ಸೇರುತ್ತಾನೆ. ಹೆಗಲಿಗೆ ಬಂದೂಕು, ತಲೆಗೆ ಹಸಿರು ಟವೆಲ್ಲು. ಯಾರಾದರೂ ಕೇಳಿದರೆ, "ಸಾಹೇಬ್ರು ಬಿಡಾಕ ತಯಾರಿಲ್ರಿ. ಇಂಥಾ ಬಂದೂಕ ಜಿಲ್ಲಾದಾಗ ಇಲ್ಲ ಅಂದ್ರು" ಎನ್ನುತ್ತಾನೆ. ಕೇಳದಿದ್ದರೂ ಎನ್ನುತ್ತಾನೆ.

ಕಟಕೋಳದ ಆಚೆ ನಮ್ಮೂರು. ಅವನ ಹೊಲಕ್ಕೂ ನನ್ನ ಹೊಲಕ್ಕೂ ಒಂದೇ ಬದು. ನಮ್ಮ ಮನೆತನ ಒಂದು ಕಾಲಕ್ಕೆ ಬೇಟೆಯದು, ಈಗ ಜೋಳದ್ದು. ಹಾಗಾಗಿ ಬಂದೂಕು ತುಂಬುವುದನ್ನು ಅವನಿಗೆ ಕಲಿಸಿದವನು ನಾನೇ. ನಳಿಗೆಯೊಳಗೆ ಮದ್ದು ಸುರಿಯಬೇಕು, ಮೇಲೆ ಅರಿವೆಯ ಚಿಂದಿ ತುರುಕಬೇಕು, ಗಜದಿಂದ ಜಡಿಯಬೇಕು, ಕಡೆಗೆ ಸೀಸದ ಕಾಳು ಹಾಕಬೇಕು. ಸಂಗಪ್ಪ ಮೊದಲ ಮೂರು ಕೆಲಸ ಬಹಳ ನಿಷ್ಠೆಯಿಂದ ಮಾಡಿ ನಾಲ್ಕನೆಯದನ್ನು ಬಿಟ್ಟುಬಿಟ್ಟ.

"ಕಾಳ ಎಲ್ಲಿ ಸಂಗಪ್ಪಾ?" ಎಂದೆ.

"ಶಟ್ಟೆಪ್ಪ ಕಾಕಾ, ಹಕ್ಕಿಗಿ ಬಡದ್ರ?" ಎಂದ.

"ಬಡೀಲಿ ಅಂತನ ಅಲ್ಲೇನೋ ಹಾಕೂದು?"

"ಅಂಜಿ ಹಾರಿದ್ರ ಸಾಕ ಬಿಡ್ರಿ."

ಇದಾಗಿ ಇಪ್ಪತ್ತು ವರ್ಷ. ಅಂದಿನಿಂದ ಇಂದಿನವರೆಗೆ ಆ ಬಂದೂಕಿನೊಳಗೆ ಒಂದು ಕಾಳು ಸೀಸ ಇಳಿದಿಲ್ಲ. ಇದು ಗೊತ್ತಿದ್ದದ್ದು ಅವನಿಗೆ ಮತ್ತು ನನಗೆ. ಚಹಾದಂಗಡಿಯಲ್ಲಿ ಮಾತ್ರ ಬೇರೆಯೇ ಸಂಗಪ್ಪ ಕೂಡುತ್ತಿದ್ದ. ಮಲಪ್ರಭೆಯ ದಂಡೆಯಲ್ಲಿ ಅವನು ಕೆಡವಿದ ಹಂದಿ ಮೊದಲ ವರ್ಷ ನಾಯಿಯಷ್ಟು ಇತ್ತು, ಹೋದ ವರ್ಷ ಎಮ್ಮೆಯಷ್ಟಾಗಿತ್ತು. ಒಂದು ತೋಳವೂ ಇತ್ತು. ಅದು ಬೇಡಿಕೆ ಇದ್ದಾಗ ಮಾತ್ರ ಬರುತ್ತಿತ್ತು. ನಾನು ಚಹಾ ಕುಡಿದು ಸುಮ್ಮನೆ ಎದ್ದು ಬರುತ್ತಿದ್ದೆ. ಬೇಟೆಯವರಲ್ಲಿ ಒಂದು ಕಟ್ಟಳೆ ಇದೆ: ಯಾರ ಬಂದೂಕೋ ಅವರದೇ ಮಾತು. ತಾಗಿತು, ತಪ್ಪಿತು ಎಂದು ಮೂರನೆಯವನು ಬಾಯಿ ಹಾಕುವಂತಿಲ್ಲ.

ಕಳೆದ ಜನವರಿಯಲ್ಲಿ ಬಿಳಿಜೋಳ ಹಾಲುಗಾಳು ತುಂಬಿ ನಿಂತಿತ್ತು. ಸಂಗಪ್ಪನ ಹೆಂಡತಿ ಸುಂದರವ್ವ ಸೀತನಿ ತಿನ್ನಲು ಹೊಲಕ್ಕೆ ಕರೆದಳು. ಬೇವಿನ ಮರದ ನೆರಳಿಗೆ ಕಂಬಳಿ ಹಾಸಿ, ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಬಡಿದು ಕಾಳು ಬಿಡಿಸಿ ರಾಶಿ ಹಾಕಿದ್ದಳು. ಗುರೆಳ್ಳು ಚಟ್ನಿ, ಬೆಲ್ಲ, ಮೊಸರು. ನಾನಿದ್ದೆ, ಅವರ ಓಣಿಯ ಭೀಮಶಿ ಇದ್ದ, ಸುಂದರವ್ವನ ತಮ್ಮ ಕಲ್ಮೇಶ ಬೈಲಹೊಂಗಲದಿಂದ ಬಂದಿದ್ದ. ಕಲ್ಮೇಶನದು ಅಲ್ಲಿ ಮೊಬೈಲ್ ಅಂಗಡಿ. ಅವನು ಒಂದು ಕೈಯಿಂದ ಉಣ್ಣುತ್ತಾನೆ, ಇನ್ನೊಂದು ಕೈಯಿಂದ ಉಣ್ಣುವುದರ ಫೋಟೋ ತೆಗೆಯುತ್ತಾನೆ.

"ಮಾಮಾ, ಒಂದ ಸಲ ಹೊಡದ ತೋರಸ್ರಿ. ಸ್ಟೇಟಸ್ ಇಡತೇನಿ. ಬೈಲಹೊಂಗಲ ಮಂದಿ ನೋಡ್ಲಿ."

"ಇದೇನ ಆಟಿಗಿ ಸಾಮಾನ ಅಲ್ಲೋ ಕಲ್ಮೇಶ" ಎನ್ನುತ್ತ ಸಂಗಪ್ಪ ಆಗಲೇ ಎದ್ದು ನಿಂತಿದ್ದ.

ಟವೆಲ್ಲು ಸುತ್ತಿದ. ಬದುವಿನ ಮೇಲೆ ಒಂದು ಕಾಲಿಟ್ಟ. ಕಲ್ಮೇಶ ಹೇಳಿದಂತೆ ಬಿಸಿಲಿಗೆ ಮುಖ ಮಾಡಿದ, ಹೊಟ್ಟೆ ಒಳಗೆ ಎಳೆದುಕೊಂಡ. ಬೇವಿನ ಮರದ ನೆತ್ತಿಯ ಕಡೆ ನಳಿಗೆ ಎತ್ತಿ ಕುದುರೆ ಎಳೆದ.

ಢಂ! ಜೋಳದಲ್ಲಿದ್ದ ಹಕ್ಕಿಗಳೆಲ್ಲ ಎದ್ದು ಹಾರಿದವು. ಹೊಗೆ ಸರಿಯಿತು. ನಾವು ಮತ್ತೆ ಸೀತನಿಗೆ ಕೈ ಹಾಕಿದೆವು. ನಾನು ಒಂದು ಹಿಡಿ ಬಾಯಿಗೆ ಹಾಕಿ, ಇರುವ ನಾಲ್ಕು ಹಲ್ಲಿನಲ್ಲಿ ಅಗಿದು, ನುಂಗಿಯೂ ಆಗಿತ್ತು. ಆಗ ಒಂದು ಬೆಳವನ ಹಕ್ಕಿ ಟೊಂಗೆಯಿಂದ ಟೊಂಗೆಗೆ ಬಡಿದುಕೊಳ್ಳುತ್ತ ಇಳಿದು, ಸರಿಯಾಗಿ ಸೀತನಿಯ ರಾಶಿಯ ಮೇಲೆ ಧೊಪ್ಪೆಂದು ಬಿತ್ತು.

ಹಕ್ಕಿ ನನ್ನ ಮುಂದೆಯೇ ಬಿದ್ದಿದ್ದರಿಂದ ಮುಟ್ಟಿ ನೋಡಿದೆ. ತಣ್ಣಗಿತ್ತು. ಈಗ ತಾನೇ ಸತ್ತ ಹಕ್ಕಿಯ ಕೊರಳು ಜೋಲುತ್ತದೆ. ಇದರದು ಕಟ್ಟಿಗೆಯಂತೆ ಸೆಟೆದಿತ್ತು. ಕಾಲುಗಳು ಕಮರಿ ಕರ್ರಗಾಗಿದ್ದವು. ಮರದ ನೆತ್ತಿಯ ಮೇಲೆ ಕರೆಂಟಿನ ತಂತಿ ಹಾದಿದೆ. ಪಾಪ, ನಸುಕಿನಲ್ಲೇ ತಂತಿ ತಾಗಿ ಸತ್ತು ಟೊಂಗೆಯ ಕವಲಿನಲ್ಲಿ ಸಿಕ್ಕಿಕೊಂಡಿತ್ತು, ಬಂದೂಕಿನ ಸಪ್ಪಳಕ್ಕೆ ಜಾರಿತು. ಇಷ್ಟೇ ನಡೆದದ್ದು. ನಾನು ಸಂಗಪ್ಪನ ಮುಖ ನೋಡಿದೆ. ಅವನ ಬಂದೂಕು, ಅವನೇ ಹೇಳಲಿ.

ಸಂಗಪ್ಪ ನಳಿಗೆಯ ತುದಿ ನೋಡಿದ, ಮರ ನೋಡಿದ, ಹಕ್ಕಿ ನೋಡಿದ. ಬಾಯಿ ತೆರೆದ. ಅಷ್ಟರಲ್ಲಿ ಕಲ್ಮೇಶ, "ಯಪ್ಪಾ! ಏನ ಗುರಿ ಮಾಮಾ! ಎಲಿ ಮರ್ಯಾಗ ಕುಂತದ್ದನ್ನ ಹೊಡದ್ರಲ್ಲಾ!" ಎಂದು ಕೂಗಿದ.

ತೆರೆದ ಬಾಯಿಯನ್ನು ಸಂಗಪ್ಪ ಮುಚ್ಚಿದ. ಆಮೇಲೆ ಮೀಸೆ ಮುಟ್ಟಿಕೊಂಡ. ಹಣೆಬರಹ ಕೆಡುವುದಕ್ಕೆ ಗ್ರಹಗತಿಯೇ ಬೇಕೆಂದಿಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಮೀಸೆ ಮುಟ್ಟಿದರೂ ಸಾಕು.

ಸುಂದರವ್ವ ಎದ್ದಳು. ಬುಟ್ಟಿ, ಮೊಸರಿನ ಗಡಿಗೆ, ಉಳಿದ ಬೆಲ್ಲ ಎಲ್ಲ ಕಟ್ಟಿಕೊಂಡಳು. ದಿನಾ ಬೆಳಿಗ್ಗೆ ಮಾಳಿಗೆಯ ಮೇಲೆ ಹಕ್ಕಿಗೆ ಕಾಳು ಚೆಲ್ಲಿದ ಮೇಲೆಯೇ ಬಾಯಿಗೆ ಚಹಾ ಮುಟ್ಟಿಸುವವಳು ಆಕೆ.

"ನಾ ಕಾಳ ಹಾಕೂದು, ನೀವು ಗುಂಡ ಹಾಕೂದು. ಚಲೋ ಸಂಸಾರ ಆತು" ಎಂದಳು. "ಕೊಂದ ಕೈಲೆ ನನ್ನ ರೊಟ್ಟಿ ಮುಟ್ಟಬ್ಯಾಡ್ರಿ. ಹೊಸ್ತಿಲಾ ದಾಟಬ್ಯಾಡ್ರಿ."

"ಏ ಇಕಿ, ಕೇಳಿಲ್ಲೆ..."

"ಕೊಂದಾವ್ರು ನೀವ ಹೌದಲ್ಲೋ? ಅಲ್ಲಂದ್ರ ಅಲ್ಲ ಅನ್ರಿ."

ಸಂಗಪ್ಪ ಕಲ್ಮೇಶನನ್ನು ನೋಡಿದ. ಕಲ್ಮೇಶ ಫೋನು ಎತ್ತಿ ತೋರಿಸಿದ. "ಮಾಮಾ, ಆಗಲೇ ನಲವತ್ತ ಮಂದಿ ನೋಡ್ಯಾರ. ಸವದತ್ತಿ ಗೆಳ್ಯಾ ಒಬ್ಬಾಂವ 'ಹುಲಿ' ಅಂತ ಹಾಕ್ಯಾನ."

ನಲವತ್ತು ಜನರ ಎದುರಿಗೆ ಸಂಗಪ್ಪ "ಅಲ್ಲ" ಎನ್ನಲಾರದೆ ಹೋದ. ಸುಂದರವ್ವ ಹೋಗಿಬಿಟ್ಟಳು.

ಉಳಿದದ್ದು ಹಕ್ಕಿ.

"ಕಾಕಾ, ಇದನ್ನ ಏನ ಮಾಡೂದು? ನಿಮ್ಮಲ್ಲಿ ಪದ್ಧತಿ ಹೆಂಗ?" ಎಂದ ಸಂಗಪ್ಪ.

ಕೇಳಿದರೆ ಹೇಳಬೇಕು. ಹೇಳಿದೆ. ಹೊಡೆದವನೇ ಎತ್ತಬೇಕು. ಚೀಲದಲ್ಲಿ ಬಚ್ಚಿಡಬಾರದು, ನಾಲ್ಕು ಮಂದಿಗೆ ಕಾಣುವಂತೆ ಕೈಯಲ್ಲಿ ಹಿಡಿಯಬೇಕು. ಬಾವಿಗೆ, ಹಳ್ಳಕ್ಕೆ, ದಾರಿಗೆ ಎಸೆಯಬಾರದು. ಇನ್ನೊಬ್ಬರ ಸೀಮೆಯಲ್ಲಿ ಬಿಟ್ಟು ಬರಬಾರದು. ಉಣ್ಣುವವರಿಗೆ ಕೊಡಬೇಕು, ಇಲ್ಲವೆಂದರೆ ಮೊಳಕಾಲುದ್ದ ತೆಗ್ಗು ತೋಡಿ, ನಾಯಿ ಕೆದರದಂತೆ ಮೇಲೆ ಕಲ್ಲು ಹೇರಬೇಕು.

"ಹಂಗಾದ್ರ ನೀವ ಒಯ್ರಿ."

"ನಾವು ಬಿಟ್ಟು ಐವತ್ತ ವರ್ಷ ಆತು. ನೀವು ಲಿಂಗಾಯತ್ರು, ನಿಮ್ಮಲ್ಲಿ ಧರ್ಮ ತಿನಗೊಡಂಗಿಲ್ಲ, ನಮ್ಮಲ್ಲಿ ಕಾಯ್ದೆ ತಿನಗೊಡಂಗಿಲ್ಲ. ಮ್ಯಾಲ, ಹೆಂಗ ಸತ್ತೈತಿ ಅಂತ ಹೊಡದಾವ ಬಾಯಿಬಿಟ್ಟ ಹೇಳದ ಹಕ್ಕಿ ನಾವು ಮುಟ್ಟಂಗಿಲ್ಲ."

ಇದಕ್ಕಿಂತ ಹೆಚ್ಚು ಬಾಗಿಲು ನಾನು ತೆರೆಯುವಂತಿರಲಿಲ್ಲ. ಅವನು ಒಳಗೆ ಬರಲಿಲ್ಲ.

ಸಂಗಪ್ಪನಿಗೆ ಒಂದು ದೋಷವಿದೆ: ಹತ್ತು ಮಾತು ಹೇಳಿದರೆ ಯಾವುದೋ ಒಂದನ್ನು ಹಿಡಿದುಕೊಂಡು ನಡೆದುಬಿಡುತ್ತಾನೆ. "ನಾಲ್ಕು ಮಂದಿಗೆ ಕಾಣುವಂತೆ" ಎಂದೆನಲ್ಲ, ಹಕ್ಕಿಯನ್ನು ಆರತಿಯ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು ಊರ ನಡುವಿನ ದಾರಿಯಲ್ಲಿ ಹೊರಟ. ಹಿಂದೆ ಬಂದೂಕು ಹೊತ್ತ ಕಲ್ಮೇಶ, ಅದರ ಹಿಂದೆ ನಾನು. ಕಟ್ಟೆಯ ಮೇಲಿದ್ದ ಸತ್ಯವ್ವಜ್ಜಿ, "ಯಾರಿಗೆ ಆರಾಮಿಲ್ಲೋ ಯಪ್ಪಾ?" ಎಂದಳು. ಅಂಗಡಿಯವರು ಎದ್ದು ನಿಂತರು. ಸರಿಯಾಗಿ ನೋಡಿದರೆ ಹಕ್ಕಿಗಿಂತ ಸಂಗಪ್ಪನೇ ಹೆಚ್ಚು ಸತ್ತವನಂತೆ ಕಾಣುತ್ತಿದ್ದ.

ಓಣಿಗೆ ಬಂದವನು ಭೀಮಶಿಯ ತಿಪ್ಪೆಯ ಹತ್ತಿರ ನಿಂತ. ಅತ್ತ ಇತ್ತ ನೋಡಿ, ಮೆತ್ತಗೆ ಹಕ್ಕಿಯನ್ನು ತಿಪ್ಪೆಯ ಮೇಲಿಡಲು ಬಗ್ಗಿದ.

"ಏ ಸಂಗ್ಯಾ!" ಅವಸರದಲ್ಲಿ ನಮಗಿಂತ ಮುಂದೆ ಬಂದಿದ್ದ ಭೀಮಶಿ ತನ್ನ ಬಾಗಿಲಲ್ಲೇ ನಿಂತಿದ್ದ. "ಬೆಳವ ಹೊಕ್ಕ ಮನಿ ಬಿಡಬೇಕಂತಾರ, ಗೊತ್ತಿಲ್ಲೇನು? ಹಚ್ಚಗ ಸಂಸಾರ ಮಾಡಾಂವನ್ನ ಊರ ಬಿಡಸ್ತೀ ಏನ?"

"ಮನೀಗೆ ಎಲ್ಲಿ ಹೊಗಸೇನೋ? ಇದು ತಿಪ್ಪಿ."

"ತಿಪ್ಪಿ ಯಾರದು? ಮನೀದು. ಮನಿ ಯಾರದು? ನಂದು. ನಾಳೆ ಇದ ಗೊಬ್ಬರ ನನ್ನ ಉಳ್ಳಾಗಡ್ಡಿಗಿ ಹೊಕ್ಕೈತಿ. ಉಳ್ಳಾಗಡ್ಡಿ ನನ್ನ ಹೊಟ್ಟಿಗಿ ಹೊಕ್ಕೈತಿ. ಬೆಳವ ಸೀದಾ ಹೊಟ್ಟ್ಯಾಗ ಬಂದು ಕುಂತ್ರ ನಾ ಯಾವ ಊರಿಗಿ ಹೋಗಲಿ?"

ಈ ತರ್ಕಕ್ಕೆ ಉತ್ತರ ಕೊಡುವಷ್ಟು ಸಾಲಿ ಸಂಗಪ್ಪ ಕಲಿತಿಲ್ಲ, ನಾನೂ ಕಲಿತಿಲ್ಲ. ಅವನು ಹಕ್ಕಿಯನ್ನು ಹಿಡಿದುಕೊಂಡೇ ತಿರುಗಿ ಹೊಲಕ್ಕೆ ನಡೆದ. ನನ್ನ ಸಲಿಕೆ ಕೇಳಿ ಇಸಿದುಕೊಂಡ. "ನಾ ಒಬ್ಬನ ಹೊಕ್ಕೇನಿ" ಎಂದ. ಬಹಳ ಹೊತ್ತಿನ ಮೇಲೆ ಕೈಕಾಲು ಮಣ್ಣು ಮಾಡಿಕೊಂಡು ಬಂದ.

"ಸರಿಯಾಗಿ ಇಟ್ಟೀ ಏನ?" ಎಂದೆ.

"ನಮ್ಮಂಗ ಇಟ್ಟೇನ್ರಿ ಕಾಕಾ" ಎಂದ.

ಮನೆಯ ಕಟ್ಟೆಯ ಮೇಲೆ ಕಂಬಳಿ ಒಂದು, ತಂಬಿಗೆ ನೀರು ಒಂದು ಇಟ್ಟಿತ್ತು. ಬಾಗಿಲು ಹಾಕಿತ್ತು. ಕಲ್ಮೇಶನಿಗೂ ಅದೇ ಏರ್ಪಾಡು.

ಮರುದಿನ ಬೆಳಿಗ್ಗೆ ಒಂದು ಸ್ಕೂಟಿ ಬಂದು ಆ ಕಟ್ಟೆಯ ಮುಂದೆಯೇ ನಿಂತಿತು. ಇಳಿದವಳು ರಾಮದುರ್ಗದ ಕಡೆಯಿಂದ ಬಂದ ಫಾರೆಸ್ಟ್ ಗಾರ್ಡ್, ಮಧು ಎಂದು ಹೆಸರು. ಖಾಕಿ ಉಡುಪು, ಬಗಲಲ್ಲಿ ಫೈಲು. ಕಲ್ಮೇಶನ ಸ್ಟೇಟಸ್ಸು ರಾತ್ರಿ ಕಳೆಯುವುದರಲ್ಲಿ ಬೈಲಹೊಂಗಲದಿಂದ ಕಿತ್ತೂರಿಗೆ ಹೋಗಿ, ಕಿತ್ತೂರಿನಿಂದ ಸವದತ್ತಿಗೆ ಬಂದು, ಸವದತ್ತಿಯಿಂದ ಆಕೆಯ ಫೋನಿಗೆ ಮುಟ್ಟಿತ್ತು. ನಮ್ಮೂರಿನಿಂದ ಕಟಕೋಳಕ್ಕೆ ಒಂದು ಬಸ್ಸು ಹೊತ್ತಿಗೆ ಸರಿಯಾಗಿ ಹೋಗುವುದಿಲ್ಲ; ಬೆಳವ ನಾಲ್ಕು ತಾಲೂಕು ತಿರುಗಿ ಬಂದಿತ್ತು.

"ಇದರಾಗ ಮೀಸಿ ತಿರವಾಕತ್ತಾರಲ್ಲ, ಇವರ ಯಾರ್ರಿ?" ಎಂದು ಫೋನು ತೋರಿಸಿದಳು.

ಕಂಬಳಿಯೊಳಗಿನಿಂದ ಸಂಗಪ್ಪ ಅದೇ ಮೀಸೆ ಹೊರಗೆ ಹಾಕಿ ನೋಡಿದ. ಇನ್ನು ಸುಳ್ಳು ಹೇಳುವ ಹಾಗೆ ಇರಲಿಲ್ಲ.

"ಹಕ್ಕಿ ಸಣ್ಣದಿದ್ರೂ ಕಾಯ್ದೆ ದೊಡ್ಡದೈತ್ರಿ. ಬಂದೂಕ ಕೊಟ್ಟದ್ದು ಬೆಳಿ ಕಾಯಾಕ, ಹಕ್ಕಿ ಕೊಲ್ಲಾಕ ಅಲ್ಲ. ಲೈಸೆನ್ಸ್ ಹೊಕ್ಕೈತಿ, ಕೇಸ್ ಆಕ್ಕೈತಿ. ಮೊದಲ ಮುದ್ದೇಮಾಲು, ಅಂದ್ರ ಆ ಹಕ್ಕಿ, ಎಲ್ಲೈತಿ ತೋರಸ್ರಿ."

"ಮುದ್ದೇಮಾಲು ಮಣ್ಣಾಗೈತ್ರಿ ಮೇಡಂ."

"ತಗೀರಿ."

ಊರಿನ ಅರ್ಧ ಮಂದಿ ಹೊಲಕ್ಕೆ ಬಂದರು. ಸುಂದರವ್ವ ಮಾತ್ರ ಬರಲಿಲ್ಲ. ಸಾಕ್ಷಿಗೆ ಪಂಚರು ಇಬ್ಬರು ಬೇಕೆಂದು ಮಧು ನನ್ನನ್ನೂ ಭೀಮಶಿಯನ್ನೂ ನಿಲ್ಲಿಸಿಕೊಂಡಳು. ಬೇವಿನ ಮರದಿಂದ ಹತ್ತು ಹೆಜ್ಜೆಗೆ ಕಲ್ಲು ಹೇರಿದ ಗುಡ್ಡೆ. ಕಲ್ಲು ಸರಿಸಿ, ಮೊಳಕಾಲುದ್ದ ಮಣ್ಣು ತೆಗೆದ ಮೇಲೆ ಸಂಗಪ್ಪ ಸಲಿಕೆ ಬಿಟ್ಟು ಕೈಯಿಂದ ಕೆದರಿದ. ಎಲ್ಲರೂ ಬಗ್ಗಿ ನೋಡಿದೆವು.

ಹಕ್ಕಿ ಕುಳಿತಿತ್ತು.

ತೆಗ್ಗಿನ ಗೋಡೆಗೆ ಒಂದು ಸಣ್ಣ ಗೂಡು ಕೊರೆದು, ಅದರೊಳಗೆ ಬೆನ್ನಿಗೆ ಮಣ್ಣಿನ ಆಸರೆ ಕೊಟ್ಟು, ನೆಟ್ಟಗೆ ಕೂಡಿಸಿದ್ದ. ತಲೆಯ ಮೇಲೆ ವಿಭೂತಿ. ಮುಂದೆ ಒಂದು ಪತ್ರಿ, ನಾಲ್ಕು ಕಾಳು ಸೀತನಿ.

ಮಧು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

"ಯಾಕ ಕುಂದ್ರಸೀರಿ?"

"ನಮ್ಮಲ್ಲಿ ಮಲಗಸಂಗಿಲ್ರಿ ಮೇಡಂ" ಎಂದ ಸಂಗಪ್ಪ.

"ಹಕ್ಕಿ ನಿಮ್ಮ ಪೈಕಿ ಅಂತ ಯಾರ ಹೇಳಿದ್ರು?"

"ಕಾಳ ತಿನ್ನೂದಲ್ರಿ. ಮಾಂಸ ಮುಟ್ಟಂಗಿಲ್ಲ."

ಭೀಮಶಿ ನನ್ನ ಹೆಗಲ ಮೇಲಿನಿಂದ ಬಗ್ಗಿ, "ನಿಮ್ಮ ದೊಡ್ಡಪ್ಪನ್ನ ಮಣ್ಣ ಮಾಡೂ ಮುಂದ ಬಸ್ ತಪ್ಪಿತಂತ ಬರಲಿಲ್ಲ ನೀ. ಬೆಳವಕ್ಕ ಇಷ್ಟ ಮಾಡೀದಿ!" ಎಂದ.

ಮಧು ಬರೆಯಲು ಸುರು ಮಾಡಿದಳು. ಬರೆದದ್ದನ್ನು ಪಂಚರಿಗೆ ಕೇಳುವಂತೆ ಓದುತ್ತಿದ್ದಳು: "ಸದರಿ ಪಕ್ಷಿಯು ಪೂರ್ವಾಭಿಮುಖವಾಗಿ ಕುಳಿತ ಸ್ಥಿತಿಯಲ್ಲಿ ಕಂಡುಬಂದಿದ್ದು, ಶಿರಭಾಗದಲ್ಲಿ ವಿಭೂತಿಯನ್ನು ಧರಿಸಿರುತ್ತದೆ..."

ಅಲ್ಲಿಗೆ ನಿಲ್ಲಿಸಿ ಕೇಳಿದಳು. "ಹೊಡದದ್ದು ನೀವ ಹೌದೇನ್ರಿ? ನೋಡಿ ಹೇಳ್ರಿ. ಹೌದಂದ್ರ ಬಂದೂಕ ಈಗ ಜಮಾ, ನೀವು ನನ್ನ ಸಂಗಾಟ."

ಸಂಗಪ್ಪ ಊರ ಕಡೆ ನೋಡಿದ. ಅಲ್ಲಿಂದ ಅವನ ಮನೆಯ ಮಾಳಿಗೆ ಕಾಣುತ್ತದೆ. ಸುಂದರವ್ವ ಕಾಳು ಚೆಲ್ಲುತ್ತ ನಿಂತಿದ್ದಳು, ಈ ಕಡೆ ಬೆನ್ನು ಮಾಡಿ.

"ನಾ ಹೊಡದಿಲ್ರಿ" ಎಂದ.

ಮಂದಿ ಹೋ ಎಂದರು. ಕಲ್ಮೇಶ ಮುಂದೆ ಬಂದ. "ಮಾಮಾ, ಅಂಜಬ್ಯಾಡ್ರಿ. ಬೈಲಹೊಂಗಲದಾಗ ಚಲೋ ವಕೀಲ್ರ ಅದಾರ. ಮೇಡಂ, ಇವರದು ಗುರಿ ಅಂದ್ರ..."

"ಬಾಯಿ ಮುಚ್ಚೋ!" ಎಂದ ಸಂಗಪ್ಪ. ಭಾವಮೈದುನನ ಮೇಲೆ ಅವನು ದನಿ ಎತ್ತಿದ್ದು ಅದೇ ಮೊದಲು. "ಎಲ್ಲಿ ಗುರಿ? ಬಂದೂಕಿನ್ಯಾಗ ಕಾಳ ಇದ್ರ ಅಲ್ಲೇನು ಗುರಿ? ಇಪ್ಪತ್ತ ವರ್ಷ ಆತು, ಬರೇ ಮದ್ದ, ಬರೇ ಚಿಂದಿ. ಬೇಕಂದ್ರ ನಮ್ಮ ಮನ್ಯಾಗ ಹಳೇ ಅರಿವಿ ಒಂದೂ ಯಾಕ ಉಳದಿಲ್ಲ ಕೇಳ್ರಿ."

ಹಕ್ಕಿಯನ್ನು ಕೊಂದ ಎಂದಾಗ ಊರಿಗೆ ಇಷ್ಟು ಆಘಾತ ಆಗಿರಲಿಲ್ಲ.

"ಹಂಗಾದ್ರ ಆ ಹಂದಿ?" ಎಂದ ಭೀಮಶಿ, ಬಹಳ ಮೆಲ್ಲಗೆ.

"ತಾನ ಓಡಿ ಹೋತು."

"ಎಮ್ಮಿಯಷ್ಟ ಇತ್ತಂದಿ?"

"ಓಡೂ ಮುಂದ ಹಿಂದಿಂದ ಅಷ್ಟ ಕಂಡೈತಿ."

"ತೋಳ?"

ಸಂಗಪ್ಪ ನೆಲ ನೋಡಿದ. "ತೋಳ ಬಂದ ಇಲ್ಲ."

ಭೀಮಶಿ ಬದುವಿನ ಮೇಲೆ ಕುಳಿತುಬಿಟ್ಟ. ಆ ತೋಳದ ಕತೆಯನ್ನು ಅವನು ತನ್ನ ಬೀಗರ ಊರಾದ ಸಿರಸಂಗಿಯಲ್ಲಿ ತಾನೇ ಕಣ್ಣಾರೆ ಕಂಡಂತೆ ಹೇಳಿ ಬಂದಿದ್ದ.

ಮಧು ಮಾತ್ರ ಕರಗಲಿಲ್ಲ. "ಸಿಕ್ಕ ಮ್ಯಾಲ ಎಲ್ಲಾರೂ ಹಿಂಗ ಅಂತಾರ. ಸಾಕ್ಷಿ?"

ಈಗ ಬಂದೂಕಿನವನು ಬಾಯಿ ಬಿಟ್ಟಿದ್ದ. ಇನ್ನು ನನ್ನ ಬಾಯಿಗೆ ಕಟ್ಟಳೆ ಇರಲಿಲ್ಲ. "ಮೇಡಂ, ಕಾಲ ನೋಡ್ರಿ" ಎಂದೆ. ಕಮರಿದ ಕಾಲು ತೋರಿಸಿದೆ. ಗರಿ ಬಿಡಿಸಿ ಮೈಯೆಲ್ಲ ತೋರಿಸಿದೆ. ಎಲ್ಲೂ ತೂತಿಲ್ಲ, ನೆತ್ತರಿಲ್ಲ. ಮರದ ಮೇಲಿನ ತಂತಿ ತೋರಿಸಿದೆ. ಬಿದ್ದಾಗಲೇ ತಣ್ಣಗಿತ್ತು ಎಂದೆ. ಮಧು ಫೋಟೋ ತೆಗೆದು ದನದ ಡಾಕ್ಟರಿಗೆ ಕಳಿಸಿದಳು. ಆ ಕಡೆಯಿಂದ, ಕರೆಂಟ್ ಹೊಡೆದದ್ದು, ಬಂದೂಕಿಗೆ ಸಂಬಂಧವಿಲ್ಲ ಎಂದು ಬಂತು.

"ಅಜ್ಜಾರ, ಇದನ್ನ ನಿನ್ನೇನ ಹೇಳಬಾರದ?" ಎಂದಳು ನನಗೆ.

"ಬಂದೂಕ ನಂದಲ್ಲಲ್ಲಬೇ" ಎಂದೆ.

ಆಕೆ ನನ್ನನ್ನು ಒಂದು ಥರ ನೋಡಿದಳು. ಅದನ್ನು ಪಂಚನಾಮೆಯಲ್ಲಿ 'ಪಂಚರು ವಯೋವೃದ್ಧರಿರುತ್ತಾರೆ' ಎಂದು ಬರೆದಳೆಂದು ಆಮೇಲೆ ತಿಳಿಯಿತು.

ಕೇಸು ಹೋಯಿತು. ಆದರೆ ಸ್ಟೇಟಸ್ಸು ನಾಲ್ಕು ತಾಲೂಕು ತಿರುಗಿದೆ, ಮೇಲಿನವರು ಕೇಳುತ್ತಾರೆ, ಹೇಳಿಕೆ ಬೇಕೇ ಬೇಕು ಎಂದಳು. ಬರೆದು ಗಟ್ಟಿಯಾಗಿ ಓದಿದಳು: "ನಾನು ಕೆಳಗೆ ಸಹಿ ಮಾಡಿದ ಸಂಗಪ್ಪ, ಪಂಚರ ಸಮಕ್ಷಮ ಹೇಳಿಕೆ ಕೊಡುವುದೇನೆಂದರೆ, ನನಗೆ ಗುರಿ ಇಟ್ಟು ಹೊಡೆಯಲು ಬರುವುದಿಲ್ಲ. ನಾನು ಇಲ್ಲಿಯವರೆಗೆ ಯಾವುದೇ ಪ್ರಾಣಿಯನ್ನಾಗಲಿ, ಪಕ್ಷಿಯನ್ನಾಗಲಿ ಹೊಡೆದಿರುವುದಿಲ್ಲ. ಹಂದಿ ಹಾಗೂ ತೋಳದ ಬಗ್ಗೆ ನಾನು ಹೇಳಿದ ಸಂಗತಿಗಳು ಸುಳ್ಳಿರುತ್ತವೆ."

ಸಂಗಪ್ಪ ಸಹಿ ಮಾಡಿದ. ನಾನು ಹೆಬ್ಬೆಟ್ಟು ಒತ್ತಿದೆ. ಭೀಮಶಿ ತೋಳದ ಸಾಲಿನ ಹತ್ತಿರ ಸ್ವಲ್ಪ ಹೊತ್ತು ಕೈ ತಡೆದು, ಆಮೇಲೆ ಸಹಿ ಹಾಕಿದ. ಕಲ್ಮೇಶ ಒಂದು ಮೂಲೆಯಲ್ಲಿ ನಿಂತು ಸ್ಟೇಟಸ್ಸು ಅಳಿಸಿದ.

"ಇನ್ನ ಮ್ಯಾಲ ಸತ್ತ ಹಕ್ಕಿ ಸಿಕ್ರ ಬರೀ ಕೈಲೆ ಮುಟ್ಟಬ್ಯಾಡ್ರಿ, ರೋಗ ಇರತಾವ. ನಮಗ ಫೋನ್ ಮಾಡ್ರಿ" ಎಂದಳು ಮಧು. "ಈಗ ಇದನ್ನ ಮಣ್ಣ ಮಾಡ್ರಿ."

"ಹೆಂಗ ಇಡಲ್ರಿ ಮೇಡಂ? ಮಲಗಿಸಿ?"

ಆಕೆ ಫೈಲು ನೋಡಿದಳು, ಹಕ್ಕಿಯನ್ನು ನೋಡಿದಳು. "ಹೆಂಗಿತ್ತೋ ಹಂಗ ಇಡ್ರಿ. ಪಂಚನಾಮೆದಾಗ ಕುಂತದ್ದು ಅಂತ ಬರದೇನಿ."

ಮೊಳಕಾಲುದ್ದ ಮಣ್ಣು ಬಿತ್ತು, ಮೇಲೆ ಕಲ್ಲು ಬಿತ್ತು. ಆಕೆ ಸ್ಕೂಟಿ ಚಾಲೂ ಮಾಡುವಾಗ ಸಂಗಪ್ಪ ಕೈ ಮುಗಿದು ಮುಂದೆ ನಿಂತ.

"ಮೇಡಂ, ಆ ಹೇಳಿಕಿದು ಒಂದ ಜೆರಾಕ್ಸ್ ಕೊಡ್ರಿ."

"ಯಾಕ್ರಿ? ಇದು ನಿಮ್ಮ ಮರ್ಯಾದಿ ಹೋಗೂ ಕಾಗದ. ಬ್ಯಾರೇದವ್ರು ಇದನ್ನ ಹರದ ಹಾಕ್ರಿ ಅಂತಾರ."

"ಮನ್ಯಾಗ ತೋರಸಬೇಕ್ರಿ."

ಜೆರಾಕ್ಸ್ ಎಂದರೆ ಕಟಕೋಳ. ಸ್ಕೂಟಿಯ ಹಿಂದೆ ಕುಳಿತು ಹೋದ, ಮಧ್ಯಾಹ್ನದ ಬಿಸಿಲಲ್ಲಿ ನಡೆದು ಬಂದ. ಅಷ್ಟರಲ್ಲಿ ಓಣಿಯ ಮಂದಿಯೆಲ್ಲ ತಮ್ಮ ತಮ್ಮ ಕಟ್ಟೆಗೆ ಬಂದು ಕುಳಿತಾಗಿತ್ತು. ಸಂಗಪ್ಪ ಹೊಸ್ತಿಲಿನ ಈಚೆ ನಿಂತು ಕಾಗದ ಚಾಚಿದ. ಸುಂದರವ್ವ ಹಿಟ್ಟಿನ ಕೈ ಒರೆಸಿಕೊಂಡು ಇಸಿದುಕೊಂಡಳು. ಏಳನೆಯ ಇಯತ್ತೆ ಓದಿದವಳು; ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿಯೇ ಓದಿದಳು.

"ಗುರಿ ಇಟ್ಟು ಹೊಡೆಯಲು ಬರುವುದಿಲ್ಲ" ಎನ್ನುವಲ್ಲಿ ಓಣಿ ನಕ್ಕಿತು. ಹಂದಿಯ ಹತ್ತಿರ ಜೋರಾಗಿ ನಕ್ಕಿತು. ತೋಳದ ಹತ್ತಿರ ಭೀಮಶಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಬಿದ್ದು ಬಿದ್ದು ನಕ್ಕರು. ಸುಂದರವ್ವ ನಗಲಿಲ್ಲ. ಹಿಂದಕ್ಕೆ ಹೋಗಿ ನಡುವಿನ ಒಂದು ಸಾಲನ್ನು ಮತ್ತೊಮ್ಮೆ ಓದಿದಳು. "ಯಾವುದೇ ಪಕ್ಷಿಯನ್ನಾಗಲಿ ಹೊಡೆದಿರುವುದಿಲ್ಲ."

"ಶಿಕ್ಕಾ ಐತೇನು ಇದಕ್ಕ?" ಎಂದಳು.

"ಕೆಳಗ ಫಾರೆಸ್ಟಿನವ್ರ ಮುದ್ರಿ ಐತಿ ನೋಡು."

ನೋಡಿದಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಕಟ್ಟಿಕೊಂಡಳು. "ಕೈ ತೊಳಕೊಂಡ ಬರ್ರಿ. ರೊಟ್ಟಿ ಆರಾಕತ್ತಾವ" ಎಂದು ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

ಸುಳ್ಳುಗಾರ ಎಂದು ಸಹಿ, ಶಿಕ್ಕಾ, ಪಂಚರ ಸಮೇತ ಸಾಬೀತಾದ ಮೇಲೆ ಓಣಿಯ ತುಂಬ ಎದೆ ಮುಂದೆ ಮಾಡಿ ಮನೆಯೊಳಗೆ ಹೋದವನನ್ನು ನಾನು ನನ್ನ ಆಯುಷ್ಯದಲ್ಲಿ ನೋಡಿದ್ದು ಸಂಗಪ್ಪನೊಬ್ಬನನ್ನೇ.